ಮುರಿಯಣ್ಣ ಮತ್ತು ಕತ್ತಾಳೆ ನಾರಿನ ಊರುಗೋಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹಿಂಭಾಗದ ಪುಟ್ಟ ಕೋಣೆಯಲ್ಲಿ ಟ್ಯೂಬ್‌ಲೈಟೊಂದು ಪಿಳಿಪಿಳಿ ಕಣ್ಣು ಬಿಟ್ಟು, ಸ್ವಲ್ಪ ಹೊತ್ತು ಸತಾಯಿಸಿ, ಕೊನೆಗೆ ಉರಿಯಲು ಒಪ್ಪುತ್ತದೆ. ಅದರ ಕೆಳಗೆ, ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತ ನಿಂತಿರುವವರು ಮುರಿಯಣ್ಣ. ಗೇಣುದ್ದದ, ಜೇನಿನ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಅದರೊಳಗೆ ಕೂದಲಿನಂಥ ಎಳೆಗಳು ಒಂದರ ಪಕ್ಕ ಒಂದು ನೆಟ್ಟಗೆ ಮಲಗಿರುವುದು ಕಾಣುತ್ತದೆ. ಅದು ಕತ್ತಾಳೆಯ ನಾರು. ಪಟ್ಟಿಯನ್ನು ಎರಡು ಉಕ್ಕಿನ ಗೂಟಗಳ ಮೇಲೆ ಅಡ್ಡಲಾಗಿ ಇಟ್ಟು ಗುಂಡಿ ಒತ್ತುತ್ತಾರೆ. ಮೇಲಿನಿಂದ ಮೊಂಡು ಮೂತಿಯ ಕಬ್ಬಿಣವೊಂದು ಅವಸರವಿಲ್ಲದೆ ಇಳಿದು ಬಂದು ಪಟ್ಟಿಯ ನಡುವನ್ನು ಅದುಮತೊಡಗುತ್ತದೆ. ಪಟ್ಟಿ ಬಾಗುತ್ತದೆ. ಪರದೆಯ ಮೇಲೆ ಅಂಕಿ ಏರುತ್ತದೆ. ಚಿಟ್ ಎಂದು ಒಂದು ಸದ್ದು. ತುಸು ಬಿಟ್ಟು ಚಿಟ್ ಚಿಟ್. ಆಮೇಲೆ ಟಪ್!

"ಹೋಯ್ತು," ಎನ್ನುತ್ತಾರೆ ಮುರಿಯಣ್ಣ. ಬಸ್ಸು ತಪ್ಪಿಸಿಕೊಂಡವರ ಧಾಟಿಯಲ್ಲಲ್ಲ, ನೆಂಟರನ್ನು ಬಾಗಿಲತನಕ ಕಳಿಸಿ ಬಂದವರ ಧಾಟಿಯಲ್ಲಿ. ಅಂಕಿ ಬರೆದುಕೊಂಡು, ಮುರಿದ ತುಂಡುಗಳ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, ಇನ್ನೊಂದು ಪಟ್ಟಿ ಎತ್ತಿಕೊಳ್ಳುತ್ತಾರೆ.

ಈ ಕಾರ್ಖಾನೆಯಲ್ಲಿ ಇಪ್ಪತ್ತು ಚಿಲ್ಲರೆ ಜನರಿದ್ದಾರೆ. ಎಲ್ಲರೂ ಏನಾದರೊಂದು ಮಾಡುತ್ತಾರೆ, ಇವರೊಬ್ಬರೇ ಮುರಿಯುತ್ತಾರೆ. ಕತ್ತಾಳೆ ಎಲೆಯಿಂದ ಬಿಡಿಸಿದ ನಾರನ್ನು ತೊಳೆದು, ಒಣಗಿಸಿ, ಬಾಚಿ, ಅಚ್ಚಿನಲ್ಲಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ದ್ರವ ಸುರಿದು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ ಸಿದ್ಧ. ಆ ಹಲಗೆಯಿಂದ ಕುರ್ಚಿಯ ಬೆನ್ನು, ಹಣ್ಣಿನ ಪೆಟ್ಟಿಗೆ, ಬಾಗಿಲಿನ ಕೆಳಪಟ್ಟಿ ಮುಂತಾದವು ತಯಾರಾಗಿ ಹೊರಗೆ ಹೋಗುತ್ತವೆ. ಹಾಗೆ ಹೋಗುವ ಮೊದಲು, ಒಮ್ಮೆಗೆ ಒತ್ತಿದ ಪ್ರತಿ ಕಂತಿನಿಂದ ಒಂದಿಷ್ಟು ಪಟ್ಟಿಗಳು ಈ ಕೋಣೆಗೆ ಬರಬೇಕು, ಮುರಿಯಣ್ಣನ ಕೈಯಲ್ಲಿ ಮುರಿಯಬೇಕು. ಎಷ್ಟು ಭಾರಕ್ಕೆ ಮುರಿದವು ಎಂದು ಅವರು ಹೇಳಿದ ಮೇಲೆಯೇ ಉಳಿದದ್ದಕ್ಕೆ ಬಿಡುಗಡೆ. ಬೆಳಗಿನ ಹೊತ್ತೇ ಯಾಕೆ ಎಂದರೆ, ದೊಡ್ಡ ಪ್ರೆಸ್ಸು ಶುರುವಾದ ಮೇಲೆ ನೆಲ ನಡುಗುತ್ತದೆ, ಮಧ್ಯಾಹ್ನದ ಸೆಕೆಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಗ ಬರುವ ಅಂಕಿಗಳನ್ನು ನಂಬುವ ಹಾಗಿಲ್ಲ. ಅದಕ್ಕೇ ಊರು ಮುಸುಕು ಹೊದ್ದು ಮಲಗಿರುವಾಗ ಇವರು ಬಂದು ಬೀಗ ತೆಗೆಯುತ್ತಾರೆ.

"ಬರೀ ಪ್ಲಾಸ್ಟಿಕ್ ಇದ್ಯಲ್ಲ, ಅದು ತುಂಬಾ ಕಪಟಿ," ಎಂದು ಕೆಲಸ ನಿಲ್ಲಿಸದೆಯೇ ಹೇಳುತ್ತಾರೆ. "ಕೊನೇ ಗಳಿಗೆವರೆಗೂ ಸುಮ್ಮನಿದ್ದು ಫಟ್ ಅಂತ ಕೈ ಕೊಡತ್ತೆ. ನಾರು ಹಾಕಿದ್ದು ಹಾಗಲ್ಲ. ಮೊದಲು ಮುಲುಗುಟ್ಟತ್ತೆ, ಗೊಣಗತ್ತೆ, 'ನನ್ನ ಕೈಲಾಗ್ತಿಲ್ಲ ಇಳೀರಪ್ಪಾ' ಅನ್ನತ್ತೆ. ಹೇಳಿ ಕೇಳಿ ಮುರಿಯೋ ಮರ್ಯಾದಸ್ಥ ಅದು. ಆದ್ರೆ ನಾರು ಉದ್ದಕ್ಕೆ ಮಲಗಿರಬೇಕು, ಪ್ಲಾಸ್ಟಿಕ್ಕು ಅದನ್ನ ಬಿಗಿಯಾಗಿ ಹಿಡ್ಕೊಂಡಿರಬೇಕು. ಹಿಡಿತ ಇಲ್ಲ ಅಂದ್ರೆ ನಾರಿದ್ದೂ ಒಂದೇ, ಇಲ್ಲದಿದ್ದರೂ ಒಂದೇ."

ದಿನಕ್ಕೆ ಐವತ್ತು ಅರವತ್ತು ಪಟ್ಟಿಗಳಾದರೂ ಇವರ ಕೈಯಲ್ಲಿ ಎರಡಾಗುತ್ತವೆ. ಕೋಣೆಯ ಮೂಲೆಯಲ್ಲಿ ಮೂರು ಡಬ್ಬಗಳಿವೆ. ಹದವಾಗಿ ಮುರಿದದ್ದು ಒಂದರಲ್ಲಿ, ಬೇಗ ಮುರಿದದ್ದು ಇನ್ನೊಂದರಲ್ಲಿ, ಯಾಕೆ ಮುರಿಯಿತೆಂದು ತಿಳಿಯದೆ ತಲೆ ಕೆಡಿಸಿದ್ದು ಮೂರನೆಯದರಲ್ಲಿ. ಮೂರನೆಯ ಡಬ್ಬವನ್ನು ಅವರು ಖಾಲಿ ಮಾಡುವುದೇ ಇಲ್ಲ. ಚಹಾದ ಹೊತ್ತಿನಲ್ಲಿ ಅದರಿಂದ ಒಂದೊಂದು ತುಂಡು ತೆಗೆದು ತಿರುಗಿಸಿ ನೋಡುತ್ತ ಕೂರುತ್ತಾರೆ.

ಇಂಥ ಕೆಲಸದವರನ್ನು ತಲೆಯ ಮೇಲೆ ಹೊತ್ತು ಮೆರೆಸುವವರು ಯಾರು? ಬೆವರು ಸುರಿಸಿ ಮಾಡಿದ ಹಲಗೆಯನ್ನು ಒಬ್ಬ ಬಂದು ಟಪ್ ಎನ್ನಿಸಿ "ಇದಾಗಲ್ಲ" ಎಂದರೆ ಯಾರಿಗೆ ತಾನೇ ಪ್ರೀತಿ ಉಕ್ಕೀತು? ಮೊದಮೊದಲು ಪ್ರೆಸ್ಸಿನವರು ಊಟದ ಹೊತ್ತಿಗೆ ಇವರು ಬಂದು ಕೂತರೆ ಡಬ್ಬಿ ಎತ್ತಿಕೊಂಡು ಆ ಕಡೆ ಹೋಗುತ್ತಿದ್ದರಂತೆ. ಮುರಿಯಣ್ಣ ಎಂಬ ಹೆಸರು ಹುಟ್ಟಿದ್ದೂ ಆಗಲೇ, ಅದೂ ಸಿಟ್ಟಿನಿಂದ. ಈಗ ಸಿಟ್ಟು ಹೋಗಿ ಹೆಸರು ಮಾತ್ರ ಉಳಿದಿದೆ. ಒಮ್ಮೆ ಸಿಡಿದ ಚೂರು ಹುಬ್ಬನ್ನು ಸೀಳಿಕೊಂಡು ಹೋದ ಗುರುತೂ ಉಳಿದಿದೆ. ಅದನ್ನು ತೋರಿಸಿ, "ಹಲಗೆ ಸೇಡು ತೀರಿಸ್ಕೊಂಡಿದ್ದು," ಎಂದು ನಗುತ್ತಾರೆ. ದಪ್ಪ ಕನ್ನಡಕ ಬಂದದ್ದು ಆಮೇಲೆ.

ಮುರಿಯುವುದಕ್ಕೆ ಬರುವ ಮೊದಲು ಇವರು ಮಾಡುವವರೇ ಆಗಿದ್ದರು. ಬಡಗಿಯ ಅಂಗಡಿಯೊಂದರಲ್ಲಿ ಕುರ್ಚಿ ಮೇಜುಗಳಿಗೆ ಉಜ್ಜುಗೊರಡು ಹಾಕುತ್ತಿದ್ದರು. ಮರದ ಬೆಲೆ ಏರಿತು, ಅಂಗಡಿಗೆ ಬಾಗಿಲು ಬಿತ್ತು. ಈ ಕಾರ್ಖಾನೆಗೆ ಅವರು ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಮುರಿದ ತುಂಡುಗಳನ್ನು ಗುಡಿಸಿ ಎಸೆಯುವ ಬದಲು, ಸೀಳಿದ್ದು ಒಂದು ಕಡೆ, ತುಂಡಾದದ್ದು ಒಂದು ಕಡೆ ಎಂದು ಗುಡ್ಡೆ ಹಾಕುತ್ತಿದ್ದರು. ಮರದಲ್ಲಿ ಎಳೆ ನೋಡಿ ಪಳಗಿದ ಕಣ್ಣು, ಸುಮ್ಮನಿರಲು ಬಾರದು. ಆಗಿನ ಪರೀಕ್ಷಕರು ನಿವೃತ್ತರಾಗುವಾಗ ಯಜಮಾನರಿಗೆ ಹೇಳಿದ್ದು ಒಂದೇ ಮಾತು: "ಬೇರೆಯವರನ್ನ ಹುಡುಕಬೇಡಿ, ಪೊರಕೆ ಹಿಡಿದಿರೋನನ್ನೇ ಕೂರಿಸಿ." ಯಂತ್ರ ನಡೆಸುವುದನ್ನೂ ಲೆಕ್ಕ ಹಾಕುವುದನ್ನೂ ಆ ಹಿರಿಯರೇ ಕಲಿಸಿಕೊಟ್ಟು ಹೋದರು.

ಇನ್ನು ಇವರ ಸಂಸಾರದ ವಿಷಯ. ಕಾರ್ಖಾನೆಯ ಮುಂಭಾಗದಲ್ಲಿ, ಕಿಟಕಿಯ ಪಕ್ಕ, ಕಬ್ಬಿಣದ ಹಲ್ಲುಗಳಿರುವ ದೊಡ್ಡ ಬಾಚಣಿಗೆಯ ಮುಂದೆ ಕೂತು ಇಡೀ ದಿನ ನಾರು ಬಾಚುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಅವರನ್ನು ಬಾಚಣಿಗೆ ಅಕ್ಕ ಎನ್ನುತ್ತಾರೆ. ಅವರು ಬಾಚಿ ಅಚ್ಚಿನಲ್ಲಿ ಹಾಸಿದ ನಾರು ಒಂದೆಳೆಯೂ ಅಡ್ಡ ಹೋಗುವುದಿಲ್ಲ. ಬಾಚಣಿಗೆ ಅಕ್ಕ ಮುರಿಯಣ್ಣನ ಹೆಂಡತಿ. ಗಂಡ ಮುರಿಯುವ ಹಲಗೆಗಳಲ್ಲಿ ಅರ್ಧಕ್ಕರ್ಧ ಹೆಂಡತಿ ಹಾಸಿದವು.

"ನಾನು ಇವಳ ಹಲಗೆ ಮೊದಲನೇ ಸಲ ಮುರಿದಾಗ ಇನ್ನೂ ಮದುವೆ ಆಗಿರಲಿಲ್ಲ," ಎಂದು ಮುರಿಯಣ್ಣ ನೆನಪಿಸಿಕೊಳ್ಳುತ್ತಾರೆ. "ಸೀದಾ ಈ ಕೋಣೆಗೆ ನುಗ್ಗಿ ಬಂದು, ನಿಂತಲ್ಲೇ ನೀರಿಳಿಸಿದ್ಲು. ನಾನು ತಲೆ ತಗ್ಗಿಸಿ ಕೇಳಿಸ್ಕೊಂಡೆ. ಬೈದು ಮುಗಿಸಿದ ಮೇಲೆ ಮುರಿದ ತುಂಡು ತಗೊಂಡು, 'ಎಲ್ಲಿ ತಪ್ಪಾಗಿದೆ ತೋರ್ಸಿ' ಅಂದ್ಲು ನೋಡಿ, ನಾನು ಅಲ್ಲೇ ಬಿದ್ದೆ."

"ಸುಳ್ಳು," ಎನ್ನುತ್ತಾರೆ ಬಾಚಣಿಗೆ ಅಕ್ಕ, ಚಹಾದ ಲೋಟ ತಂದಿಡುತ್ತ. "ಬೈತಾ ಇರುವಾಗ್ಲೂ ನಗ್ತಾ ಇದ್ರು. ಅದಕ್ಕೇ ಇನ್ನೂ ನಾಲ್ಕು ಜಾಸ್ತಿ ಬೈದಿದ್ದು."

ಮನೆಯಲ್ಲಿ ಮೂರನೆಯವರೊಬ್ಬರಿದ್ದಾರೆ, ಬಾಚಣಿಗೆ ಅಕ್ಕನ ತಾಯಿ. ಎರಡು ಕೋಣೆಯ ಆ ಮನೆಗೆ ಅವರೇ ಸರ್ಕಾರ. ಅಳಿಯನನ್ನು 'ಅಳಿಯಂದ್ರೇ' ಎಂದು ಗೌರವದಿಂದಲೇ ಕರೆದು, ಆ ಗೌರವದ ಒಳಗೇ ಚೆನ್ನಾಗಿ ಚಿವುಟುವ ಕಲೆ ಅವರದು. "ಬೇರೆ ಮನೆ ಅಳಿಯಂದ್ರು ಏನಾದ್ರೂ ಕಟ್ಟಿದೆ ಅಂತಾರೆ, ಬೆಳೆಸಿದೆ ಅಂತಾರೆ. ನಮ್ಮ ಅಳಿಯಂದ್ರು ಸಾಯಂಕಾಲ ಬಂದು, 'ಇವತ್ತು ಅರವತ್ತು ಮುರಿದೆ ಅತ್ತೆ' ಅಂತಾರೆ. ನಾನು ಬೀದಿಯವರಿಗೆ ಏನಂತ ಹೇಳ್ಲಿ?"

ಎರಡು ವರ್ಷದ ಹಿಂದೆ ಈ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಕಾಲಿಗೆ ಬಲ ಮಾತ್ರ ಮೊದಲಿನಷ್ಟು ಬರಲಿಲ್ಲ. ಕಂಕುಳಿಗೆ ಕೊಟ್ಟು ನಡೆಯುವ ಮರದ ಊರುಗೋಲು ತಂದುಕೊಟ್ಟರು. ನಾಲ್ಕು ಹೆಜ್ಜೆಗೇ ಭುಜ ಬಿದ್ದುಹೋಗುವಷ್ಟು ಭಾರ. ಕಬ್ಬಿಣದ್ದು ಇನ್ನೂ ಭಾರ. ಹಗುರಾದದ್ದೆಂದು ಯಾರೋ ತಂದ ಬರೀ ಪ್ಲಾಸ್ಟಿಕ್ಕಿನದ್ದು ಮೈಯ ಭಾರ ಬಿಟ್ಟೊಡನೆ ಹುಲ್ಲುಕಡ್ಡಿಯಂತೆ ಓಲಾಡಿತು. ಕೊನೆಗೆ ಅತ್ತೆ ಎಲ್ಲವನ್ನೂ ಬಾಗಿಲ ಹಿಂದೆ ನಿಲ್ಲಿಸಿ, ಗೋಡೆ ಹಿಡಿದುಕೊಂಡೇ ಮನೆಯೊಳಗೆ ಓಡಾಡತೊಡಗಿದರು. ಗೋಡೆ ಮುಗಿಯುವಲ್ಲಿ ಅವರ ಲೋಕವೂ ಮುಗಿಯಿತು.

ಅವರಿಗೆ ಲೋಕ ಸುತ್ತುವ ಆಸೆಯೇನೂ ಇರಲಿಲ್ಲ. ಬೇಕಾಗಿದ್ದದ್ದು ಮೇಲಿನ ಬೀದಿ ಮಾತ್ರ. ಅಲ್ಲಿ ಅವರ ಅಕ್ಕ ಇದ್ದಾರೆ. ಒಂದು ಏರು ಹತ್ತಿ, ಹೊಲಿಗೆ ಅಂಗಡಿ ದಾಟಿದರೆ ಅಕ್ಕನ ಮನೆ. ಸೊಂಟ ಮುರಿಯುವ ತನಕ ದಿನಕ್ಕೊಂದು ಸಲ ಅಲ್ಲಿ ಹೋಗಿ ಜಗಳವಾಡಿ ಬರದಿದ್ದರೆ ತಿಂದ ಅನ್ನ ಇಳಿಯುತ್ತಿರಲಿಲ್ಲ. ಅಕ್ಕನಿಗೆ ಮಂಡಿನೋವು, ಇಳಿದು ಬರುವ ಹಾಗಿಲ್ಲ. ತಂಗಿ ಏರು ಹತ್ತುವ ಹಾಗಿಲ್ಲ. ಫೋನಿದೆ, ಆದರೆ ಇಬ್ಬರಿಗೂ ಕಿವಿ ಮಂದ. "ಫೋನಲ್ಲಿ ಜಗಳ ಆಡಿದ್ರೆ ಅದು ಜಗಳಾನಾ?" ಎಂದು ಅತ್ತೆ ಕೇಳುತ್ತಾರೆ. "ಮುಖ ಕಾಣಬೇಕು." ಅಳಿಯ ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಹೋಗುವುದಾದರೆ ತನ್ನ ಕಾಲ ಮೇಲೆ ಹೋಗಬೇಕು, ಜಗಳ ಜೋರಾದರೆ ತಕ್ಷಣ ಎದ್ದು ಬರುವುದು ತನ್ನ ಕೈಯಲ್ಲಿರಬೇಕು ಎಂಬುದು ಅವರ ಹಟ.

ಕತ್ತಾಳೆ ನಾರಿನಿಂದ ಊರುಗೋಲು ಮಾಡೋಣವೆಂದು ಮೊದಲು ಹೇಳಿದ್ದು ಬಾಚಣಿಗೆ ಅಕ್ಕ. ನಾರನ್ನು ಉದ್ದಕ್ಕೆ ಹಾಸಿ ಒತ್ತಿದ ಎರಡು ಕಾಲು, ನಡುವೆ ಹಿಡಿ, ಮೇಲೆ ಕಂಕುಳಿನ ದಿಂಬು. ಮರಕ್ಕಿಂತ ಹಗುರ, ಬರೀ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಕಾರ್ಖಾನೆಯ ಇಂಜಿನಿಯರಮ್ಮನಿಗೂ ಮನಸ್ಸಿಗೆ ಬಂತು. ಓದು ಮುಗಿಸಿ ಸೇರಿ ಹೆಚ್ಚು ದಿನವಾಗಿರಲಿಲ್ಲ, ಹುರುಪಿನ ಹೆಣ್ಣುಮಗಳು. ಅಚ್ಚಿನ ಚಿತ್ರ ಬರೆದುಕೊಟ್ಟರು. ಯಜಮಾನರೂ ಹೂಂ ಎಂದರು. ಮಾದರಿಗೆಂದು ಒತ್ತಿದ ಮೊದಲ ಕಾಲುಗಳು ಮುರಿಯಣ್ಣನ ಯಂತ್ರದಲ್ಲಿ ಬೇಕಾದ ಭಾರವನ್ನು ಹೊತ್ತು, ಅದರ ಮೇಲೂ ಅಷ್ಟೇ ಭಾರ ಹೊತ್ತು, ಆಮೇಲೆ ಮುರಿದವು. ಅವತ್ತು ಮನೆಯಲ್ಲಿ ಅತ್ತೆಯನ್ನು ಗೋಡೆಗೆ ನಿಲ್ಲಿಸಿ ಕಂಕುಳಿನಿಂದ ನೆಲದವರೆಗೆ ಟೇಪು ಹಿಡಿದು ಅಳತೆ ತೆಗೆದದ್ದೂ ಆಯಿತು. ಅತ್ತೆ ಬೀದಿಗೆಲ್ಲ ಸಾರಿದರು. ಅಕ್ಕನಿಗೆ ಫೋನಿನಲ್ಲಿ ಕೂಗಿ ಹೇಳಿದರು, "ಬರ್ತೀನಿ ಕಣೇ, ಬಾಗಿಲು ತೆಗೆದಿಟ್ಟಿರು!"

ಆದರೆ ಕಂತಿನ ಲೆಕ್ಕದಲ್ಲಿ ನಿಜವಾದ ಊರುಗೋಲುಗಳನ್ನು ಒತ್ತಲು ಶುರು ಮಾಡಿದ ಮೇಲೆ ಗ್ರಹಚಾರ ಕೆಟ್ಟಿತು. ಊರುಗೋಲಿನ ನಾರನ್ನೆಲ್ಲ ಬಾಚಣಿಗೆ ಅಕ್ಕ, ಬೇರೆ ಹಲಗೆಗಳ ಕೆಲಸ ಬಿಟ್ಟು, ತಾವೊಬ್ಬರೇ ಬಾಚಿ ಹಾಸುತ್ತಿದ್ದರು. ಮೊದಲ ಕಂತಿನ ಕೋಲುಗಳು ಅರ್ಧ ಭಾರಕ್ಕೇ ಕೈ ಚೆಲ್ಲಿದವು. ಒತ್ತುವಾಗ ಬಿಸಿ ಕಡಿಮೆಯಾಗಿರಬೇಕೆಂದು ಬಿಸಿ ಹೆಚ್ಚಿಸಿದರು. ಎರಡನೆಯ ಕಂತು ಅದಕ್ಕಿಂತ ಕಡೆಯಾಯಿತು. ನಾರು ಹಸಿಯಿರಬೇಕೆಂದು ಇನ್ನೂ ಒಣಗಿಸಿದರು. ಮೂರನೆಯ ಕಂತೂ ಹಾಗೇ ಆಯಿತು. ಮೂರನೆಯ ಡಬ್ಬ ತುಂಬಿ ತುಳುಕಿತು. ಮುರಿದ ಬಾಯಿಗಳಲ್ಲಿ ನಾರು ಹರಿದಿರಲೇ ಇಲ್ಲ, ಒರೆಯಿಂದ ಚಾಕು ಎಳೆದ ಹಾಗೆ ಪ್ಲಾಸ್ಟಿಕ್ಕಿನಿಂದ ನುಣ್ಣಗೆ ಜಾರಿ ಹೊರಬಂದಿತ್ತು.

ಯಜಮಾನರು ಕೆಟ್ಟವರಲ್ಲ, ಆದರೆ ಅವರಿಗೂ ಮಿತಿಯಿದೆ. "ಇನ್ನೊಂದು ಕಂತು ನೋಡೋಣ," ಎಂದರು. "ಅದೂ ಆಗಲಿಲ್ಲ ಅಂದ್ರೆ ಊರುಗೋಲಿನ ಸಹವಾಸ ಸಾಕು. ಅಚ್ಚು ತೆಗೆದಿಟ್ಟು ಪೆಟ್ಟಿಗೆ ಮಾಡ್ಕೊಂಡಿರೋಣ."

ಮನೆಯಲ್ಲಿ ಬಾಚಣಿಗೆ ಅಕ್ಕ ಮುಖ ಊದಿಸಿಕೊಂಡರು. ತಾನು ಹಾಸಿದ ನಾರಿನಲ್ಲಿ ತಪ್ಪು ಹುಡುಕಿಕೊಡಿ ಎಂದರೆ ಗಂಡನಿಗೆ ತೋರಿಸಲು ಏನೂ ಇರಲಿಲ್ಲ. ಎಳೆ ನೆಟ್ಟಗಿದೆ, ತೂಕ ಸರಿಯಿದೆ. ಪ್ರೆಸ್ಸಿನವರೊಬ್ಬರು ಮುರಿಯಣ್ಣನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ನಿಮ್ಮತ್ತೆ ಏನು ಆನೆನಾ? ಇಷ್ಟು ಭಾರ ಯಾಕೆ ಹೊರಬೇಕು? ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ. ಎಲ್ಲರ ಶ್ರಮಾನೂ ಉಳಿಯತ್ತೆ," ಎಂದರು. ಅಂಕಿಯನ್ನು ಒಂದಿಷ್ಟು ಮೇಲೆ ಬರೆದರೆ ಹೆಂಡತಿಯ ಮುಖ ಅರಳುತ್ತದೆ, ಅತ್ತೆ ಏರು ಹತ್ತುತ್ತಾರೆ ಎಂಬ ಯೋಚನೆ ತಮ್ಮ ತಲೆಯಲ್ಲೂ ಹಾದುಹೋಯಿತೆಂಬುದನ್ನು ಮುರಿಯಣ್ಣ ಮುಚ್ಚಿಡುವುದಿಲ್ಲ.

"ಆದ್ರೆ ಏರಿನ ಅರ್ಧದಲ್ಲಿ ಅತ್ತೆ ಒಬ್ಬರೇ ಇರ್ತಾರಲ್ಲ," ಎನ್ನುತ್ತಾರೆ. "ಅವರು ಆನೆ ಅಲ್ಲ ನಿಜ. ಆದ್ರೆ ಮುಗ್ಗರಿಸಿ ಪೂರ್ತಿ ಭಾರ ಒಂದೇ ಕೋಲಿನ ಮೇಲೆ ಬಿಟ್ರೆ, ಆ ಗಳಿಗೆಗೆ ಯಾರೇ ಆದ್ರೂ ಆನೇನೇ. ಅದಕ್ಕೇ ಅಲ್ವಾ ನನ್ನನ್ನ ಇಲ್ಲಿ ಕೂರಿಸಿರೋದು. ಬರೆದಿದ್ದನ್ನ ಬರೆದ ಹಾಗೇ ಕೊಟ್ಟೆ. ಮನೆಗೆ ಹೋದ್ರೆ ಇವಳು ಮುಖ ತಿರುಗಿಸ್ಕೊಂಡು ಊಟ ಬಡಿಸಿದ್ಲು."

ಕೊನೆಯ ಕಂತಿಗೆ ಕೈ ಹಚ್ಚುವ ಮುನ್ನ ಇಂಜಿನಿಯರಮ್ಮ ಮುರಿಯಣ್ಣನ ಕೋಣೆಯಲ್ಲಿ ನೆಲದ ಮೇಲೇ ಕೂತುಬಿಟ್ಟರು. ಮೂರನೆಯ ಡಬ್ಬವನ್ನು ಮಗುಚಿ ತುಂಡುಗಳನ್ನು ಹರಡಿಕೊಂಡರು. "ಮಾದರಿಗೆ ಮಾಡಿದ್ದು ಗಟ್ಟಿ ಬಂತು, ಆಮೇಲಿಂದು ಬರಲಿಲ್ಲ. ಮಧ್ಯದಲ್ಲಿ ಏನೋ ಬದಲಾಗಿದೆ ಅಣ್ಣಾ. ನಾರು ಅದೇ, ಸೋಡಾ ತೊಳೆತ ಅದೇ, ಪ್ಲಾಸ್ಟಿಕ್ಕೂ ಅದೇ. ಏನದು?" ಎಂದು ಅವರನ್ನೂ ತಮ್ಮನ್ನೂ ಕೇಳಿಕೊಂಡರು. ಕತ್ತಾಳೆ ನಾರಿಗೆ ಹುಟ್ಟಿನಿಂದಲೇ ಒಂದು ಮೇಣದ ಪದರವಿರುತ್ತದೆ. ಅದನ್ನು ಕಳೆಯಲೆಂದೇ ಸೋಡಾ ನೀರಿನಲ್ಲಿ ನೆನೆಸಿ ತೊಳೆಯುವುದು, ಇಲ್ಲದಿದ್ದರೆ ಪ್ಲಾಸ್ಟಿಕ್ ಅದನ್ನು ಹಿಡಿಯುವುದಿಲ್ಲ.

ಇಂಜಿನಿಯರಮ್ಮನಿಗೆ ಏನು ಹೊಳೆಯಿತೋ, ಒಣಗಲು ಹಾಕಿದ್ದ ಕಡೆಯಿಂದ ಒಂದು ಹಿಡಿ ನಾರು, ಬಾಚಿ ಅಚ್ಚಿಗೆ ಸಿದ್ಧವಾಗಿದ್ದ ಕಡೆಯಿಂದ ಇನ್ನೊಂದು ಹಿಡಿ ನಾರು ತರಿಸಿದರು. ಎರಡರ ಮೇಲೂ ಒಂದೊಂದು ತೊಟ್ಟು ನೀರು ಬಿಟ್ಟರು. ಒಣಗಲು ಹಾಕಿದ್ದ ನಾರು ನೀರನ್ನು ಕುಡಿದುಬಿಟ್ಟಿತು. ಬಾಚಿದ ನಾರಿನ ಮೇಲೆ ನೀರು ಮಣಿಯಂತೆ ಕೂತು ಉರುಳಾಡಿತು.

"ಎಣ್ಣೆ!" ಎಂದರು ಇಂಜಿನಿಯರಮ್ಮ. "ತೊಳೆದ ಮೇಲೆ ಇದಕ್ಕೆ ಎಲ್ಲಿಂದಲೋ ಎಣ್ಣೆ ಹತ್ತಿದೆ. ಬಾಚಣಿಗೆಗೆ ಯಾರಾದ್ರೂ ಎಣ್ಣೆ ಬಿಡ್ತಾರಾ?"

ಬಾಚಣಿಗೆಗೆ ಯಾರೂ ಎಣ್ಣೆ ಬಿಡುತ್ತಿರಲಿಲ್ಲ. ಆದರೆ ಮುರಿಯಣ್ಣನಿಗೆ ಮನೆಯಲ್ಲಿದ್ದ ಶೀಶೆಯೊಂದು ನೆನಪಾಯಿತು. ಮಾದರಿ ಒತ್ತಿದ ಮೇಲೆ ಚಳಿ ಶುರುವಾಗಿತ್ತು. ದಿನವಿಡೀ ನಾರು ಎಳೆದು ಎಳೆದು ಹೆಂಡತಿಯ ಅಂಗೈ ಒಡೆದು, ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು. ರಾತ್ರಿ ಪಾತ್ರೆ ತೊಳೆಯುವಾಗ ಆಕೆ ಹಲ್ಲು ಕಚ್ಚಿಕೊಳ್ಳುವುದನ್ನು ನೋಡಲಾಗದೆ ಇವರೇ ಅಂಗಡಿಗೆ ಹೋಗಿ ಒಂದು ಶೀಶೆ ಹರಳೆಣ್ಣೆ ತಂದಿದ್ದರು. ತಂದದ್ದಷ್ಟೇ ಅಲ್ಲ, ಬೆಳಿಗ್ಗೆ ಕೋಣೆಯ ಬೀಗ ತೆಗೆಯಲು ಹೊರಡುವ ಮುನ್ನ ಹೆಂಡತಿಯನ್ನು ಎಬ್ಬಿಸಿ, "ಹಚ್ಕೊಂಡು ಹೋಗು, ಮರೀಬೇಡ," ಎಂದು ದಿನಾ ಪ್ರಾಣ ತಿಂದಿದ್ದರು. ಆಕೆಗೆ ಜಿಡ್ಡು ಹಿಡಿಸದಿದ್ದರೂ ಗಂಡನ ಕಾಟಕ್ಕೆ ಹಚ್ಚಿಕೊಂಡು, ಒರೆಸಿಕೊಂಡು, ನಾರಿನ ಮುಂದೆ ಕೂರುತ್ತಿದ್ದರು. ಒರೆಸಿದರೆ ಹರಳೆಣ್ಣೆ ಹೋಗುತ್ತದೆಯೇ! ಅಂಗೈಯಿಂದ ಬೆರಳಿಗೆ, ಬೆರಳಿನಿಂದ ನಾರಿಗೆ ಎಳೆ ಎಳೆಯಾಗಿ ಹತ್ತುತ್ತಿತ್ತು.

"ಮೂರು ತಿಂಗಳಿಂದ ನಾನು ಮುರೀತಾ ಇದ್ದಿದ್ದು ನನ್ನ ಹರಳೆಣ್ಣೇನ," ಎನ್ನುವಾಗ ಮುರಿಯಣ್ಣನಿಗೆ ಈಗಲೂ ನಗು ಬರುತ್ತದೆ, ಆದರೆ ಅವತ್ತು ಬಂದಿರಲಿಲ್ಲ. ಇಂಜಿನಿಯರಮ್ಮನಿಗೆ ಅಲ್ಲೇ ಹೇಳಿದರು. ಆಕೆ ಒಂದು ಕ್ಷಣ ಇವರ ಮುಖ ನೋಡಿ, "ಅಯ್ಯೋ ಅಣ್ಣಾ," ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರಂತೆ. ಅದು ನಗುವೋ ಮರುಕವೋ ಇವರಿಗೆ ಗೊತ್ತಾಗಲಿಲ್ಲ.

ಹೆಂಡತಿಗೆ ಹೇಳುವುದೇ ಕಷ್ಟವಾಯಿತು. ಸಾಯಂಕಾಲ ಮನೆಯಲ್ಲಿ ಗಂಟಲು ಸರಿ ಮಾಡಿಕೊಂಡು, ಲೋಟ ಎತ್ತಿ ಇಟ್ಟು, ಕೊನೆಗೆ ನೆಲ ನೋಡುತ್ತ ಎಲ್ಲ ಒದರಿದರು. ಬಾಚಣಿಗೆ ಅಕ್ಕ ಕೇಳಿದರು, ಕೇಳಿ ಶೀಶೆಯನ್ನು ತಂದು ಇವರ ಮುಂದೆ ಕುಕ್ಕಿದರು.

"ಬೇಡ ಬೇಡ ಅಂದ್ರೂ ಹಚ್ಕೋ ಹಚ್ಕೋ ಅಂತ ತಲೆ ತಿಂದಿದ್ಯಾರು?"

"ನಾನೇ."

"ಮೂರು ಕಂತು ಮುರಿದು, ನನ್ನ ಮುಖ ನೋಡಿ, 'ಎಲ್ಲೋ ನಿನ್ನ ಕಡೆ ಏನೋ ಆಗ್ತಿದೆ ನೋಡ್ಕೋ' ಅಂದಿದ್ಯಾರು?"

"ಅದೂ ನಾನೇ."

"ಮತ್ತೆ ಈಗ?"

"ಈಗ ಬೈಯಿ," ಎಂದರು ಮುರಿಯಣ್ಣ.

ಬಾಚಣಿಗೆ ಅಕ್ಕ ಬೈಯಲೆಂದೇ ಬಾಯಿ ತೆರೆದರು, ಆದರೆ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಬಿರುಕುಗಳೆಲ್ಲ ಮುಚ್ಚಿ ಮೆತ್ತಗಾಗಿದ್ದವು. "ಕೈ ಮಾತ್ರ ವಾಸಿಯಾಗಿದೆ," ಎಂದರು. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಮಂದ ಕಿವಿಗೆ ಅದು ಹೇಗೆ ಕೇಳಿಸಿತೋ ಅವರೇ ಬಲ್ಲರು. "ಅಳಿಯಂದ್ರೇ, ನನ್ನ ಮಗಳ ಕೈ ವಾಸಿ ಮಾಡೋಕೆ ನನ್ನ ಕಾಲು ತೆಗೆದ್ರಲ್ಲಾ!" ಆಗ ಮೂವರೂ ನಕ್ಕರು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿಬಂದ ನಗು ಅದು.

ಕೈಗವಸು ಹಾಕಿಕೊಳ್ಳಿ ಎಂದರೆ ಬಾಚಣಿಗೆ ಅಕ್ಕ ಒಪ್ಪುವುದಿಲ್ಲ. ಎಳೆ ಅಡ್ಡ ಹೋದದ್ದು ಬರಿಗೈಗೇ ಗೊತ್ತಾಗಬೇಕು ಎನ್ನುತ್ತಾರೆ. ಅದಕ್ಕೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಎಣ್ಣೆ ಏನಿದ್ದರೂ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ. ಬೆಳಿಗ್ಗೆ ಬಿಸಿನೀರು, ಸಾಬೂನು, ಆಮೇಲೆ ಒಂದು ತೊಟ್ಟು ತಣ್ಣೀರನ್ನು ಅಂಗೈ ಮೇಲೆ ಬಿಟ್ಟು ನೋಡುವುದು. ನೀರು ಮಣಿಯಾಗಿ ನಿಂತರೆ ಇನ್ನೊಂದು ಸಲ ಸಾಬೂನು. ಈಗ ಇಡೀ ನಾರಿನ ವಿಭಾಗದವರೆಲ್ಲ ಕೆಲಸಕ್ಕೆ ಕೂರುವ ಮೊದಲು ಹೀಗೆಯೇ ಮಾಡುತ್ತಾರೆ. ಹೊಸಬರು ನೋಡಿದರೆ ಏನೋ ವ್ರತ ಎಂದುಕೊಳ್ಳಬೇಕು.

ಕೊನೆಯ ಕಂತು ಒತ್ತಿದ್ದು ಹೋದ ತಿಂಗಳು. ಅದರಿಂದ ಒಂದು ಪೂರ್ತಿ ಊರುಗೋಲನ್ನು ತಂದು ಮುರಿಯಣ್ಣ ಯಂತ್ರದಲ್ಲಿ ನೆಟ್ಟಗೆ ನಿಲ್ಲಿಸಿದರು. ಯಜಮಾನರು ಬಾಗಿಲಲ್ಲಿ ನಿಂತರು, ಇಂಜಿನಿಯರಮ್ಮ ಪರದೆಯ ಹತ್ತಿರ. ಬಾಚಣಿಗೆ ಅಕ್ಕ ಒಳಗೆ ಬರಲಿಲ್ಲ, ಕಿಟಕಿಯ ಆಚೆ ಬೆನ್ನು ತಿರುಗಿಸಿ ನಿಂತಿದ್ದರು. ಮೊದಲ ಕಂತು ಸೋತ ಅಂಕಿ ದಾಟಿತು. ಬೇಕಾದ ಅಂಕಿ ದಾಟಿತು. "ಸಾಕು ಅಣ್ಣಾ, ಪಾಸಾಯ್ತು, ನಿಲ್ಸಿ!" ಎಂದರು ಯಜಮಾನರು. ಮುರಿಯಣ್ಣ ನಿಲ್ಲಿಸಲಿಲ್ಲ. ಎಲ್ಲಿ ಮುರಿಯುತ್ತದೆಂದು ತಿಳಿಯದೆ ಅತ್ತೆಯ ಕೈಗೆ ಹೇಗೆ ಕೊಡುವುದು? ಅಂಕಿ ಏರುತ್ತಲೇ ಹೋಯಿತು. ಕೋಲು ಬಿಲ್ಲಿನಂತೆ ಬಾಗಿ, ಬಹಳ ಹೊತ್ತು ಗೊಣಗಿ, ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು ಭಾರ ಹೊತ್ತ ಮೇಲೆ ಮುರಿಯಿತು. ಮುರಿದ ಬಾಯಲ್ಲಿ ನಾರು ಜಾರಿರಲಿಲ್ಲ, ಹರಿದಿತ್ತು. ಅದನ್ನು ಕಂಡು ಮುರಿಯಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರೆಂದು ಇಂಜಿನಿಯರಮ್ಮ ಹೇಳುತ್ತಾರೆ. ಧೂಳು ಬಿದ್ದಿತ್ತೆಂದು ಇವರು ಹೇಳುತ್ತಾರೆ.

ಅವತ್ತು ಮನೆಗೆ ಎರಡು ಪೊಟ್ಟಣ ಬಂದವು. ಒಂದರಲ್ಲಿ ಹೊಸ ಊರುಗೋಲುಗಳ ಜೋಡಿ. ಆದರೆ ಮುರಿಯಣ್ಣ ಮೊದಲು ಬಿಚ್ಚಿದ್ದು ಇನ್ನೊಂದನ್ನು. ಅದರಲ್ಲಿ ಮುರಿದ ಕೋಲಿತ್ತು.

"ಅತ್ತೆ, ಇದನ್ನ ಮೊದಲು ನೋಡಿ. ನಿಮ್ಮಂಥವರು ಮೂರು ಜನ ಒಟ್ಟಿಗೆ ಹತ್ತಿ ನಿಂತಷ್ಟು ಭಾರ ಹೊತ್ತ ಮೇಲೇ ಇದು ಮುರಿದಿದ್ದು."

ಅತ್ತೆ ಮುರಿದ ಬಾಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನನ್ನಂಥವರು ಮೂರು ಜನ ಈ ಮನೇಲಿದ್ದಿದ್ರೆ ಅಳಿಯಂದ್ರೇ, ಕೋಲಲ್ಲ, ನೀವು ಮುರಿದುಹೋಗ್ತಿದ್ರಿ," ಎಂದರು.

ಮನೆಯೊಳಗೆ ಒಂದು ವಾರ ಅಭ್ಯಾಸ ನಡೆಯಿತು. ಆಮೇಲೊಂದು ಬೆಳಿಗ್ಗೆ, ಇವರಿಬ್ಬರೂ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ಅತ್ತೆ ಬಾಗಿಲು ಎಳೆದುಕೊಂಡು ಹೊರಟರು. ಯಾರಿಗೂ ಹೇಳಲಿಲ್ಲ. ಹೊಲಿಗೆ ಅಂಗಡಿಯವರು ಫೋನ್ ಮಾಡಿದ ಮೇಲೆಯೇ ಸುದ್ದಿ ಕಾರ್ಖಾನೆ ಮುಟ್ಟಿತು: "ನಿಮ್ಮತ್ತೆ ಈಗ ನಮ್ಮಂಗಡಿ ದಾಟಿದ್ರು, ಹಿಂದೆ ಯಾರೂ ಇಲ್ಲ." ಆ ದಿನ ಮುರಿಯಣ್ಣ ಪಟ್ಟಿಗಳನ್ನು ಉಲ್ಟಾ ಇಟ್ಟು, ಅಂಕಿ ತಪ್ಪು ಬರೆದು, ಕೊನೆಗೆ ಯಂತ್ರ ಆರಿಸಿ ಕೈಕಟ್ಟಿ ಕೂತರು. ಗಂಡ ಹೆಂಡತಿ ಇಬ್ಬರೂ ಓಡಿ ಹೋಗಬಹುದಿತ್ತು, ಹೋಗಲಿಲ್ಲ. ಹೋದರೆ ಅತ್ತೆ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ಸಾಯಂಕಾಲ ಮನೆಗೆ ಬಂದರೆ ಅತ್ತೆ ಆಗಲೇ ಬಂದು ಕೂತಿದ್ದರು, ಮುಖ ಕೆಂಪೇರಿತ್ತು. ಊಟಕ್ಕೆ ಕೂತದ್ದೇ ತಡ, ಶುರು ಮಾಡಿದರು. ಅಕ್ಕ ಹೊಸ ಪರದೆ ಹಾಕಿಸಿದ್ದಾಳೆ, ಬಣ್ಣ ನೋಡಿದರೆ ವಾಂತಿ ಬರಬೇಕು. ಎರಡು ವರ್ಷದ ಹಿಂದೆ ಕೊಟ್ಟ ಸ್ಟೀಲ್ ಡಬ್ಬ ಅಲ್ಲೇ ಇದೆ, ಕೇಳಿದರೆ ತನ್ನದೇ ಅನ್ನುತ್ತಾಳೆ. ಚಹಾಕ್ಕೆ ಸಕ್ಕರೆ ಹಾಕಲು ಈಗಲೂ ಕೈ ಬಾರದು. ಎರಡು ಸಲ ಜಗಳ ಆಯಿತು, ಒಂದರಲ್ಲಿ ತಾನು ಗೆದ್ದೆ, ಇನ್ನೊಂದನ್ನು ನಾಳೆ ಹೋಗಿ ನೋಡಿಕೊಳ್ಳಬೇಕು. ಅಳಿಯ ತುತ್ತು ಕೈಯಲ್ಲೇ ಹಿಡಿದು ಒಂದು ಮಾತಿಗಾಗಿ ಕಾದರು. ಏರು ಹೇಗಿತ್ತು, ಕೋಲು ಎಲ್ಲಾದರೂ ಜಗ್ಗಿತೇ, ಭುಜ ನೋಯಿತೇ? ಅದರ ಸುದ್ದಿಯೇ ಇಲ್ಲ. ಪರದೆಯ ಬಣ್ಣಕ್ಕೇ ಮತ್ತೆ ಬಂದರು. ಕೊನೆಗೆ ಬಾಚಣಿಗೆ ಅಕ್ಕನಿಗೆ ತಡೆಯಲಾಗಲಿಲ್ಲ.

"ಅದೆಲ್ಲ ಇರ್ಲಿ ಅಮ್ಮಾ, ಕೋಲು ಹೇಗಿತ್ತು?"

ಅತ್ತೆ ಮಾತು ನಿಲ್ಲಿಸಿ ಮಗಳನ್ನು ನೋಡಿದರು.

"ಯಾವ ಕೋಲು?"

ಇದನ್ನು ಹೇಳಿ ಮುಗಿಸುವಾಗ ಮುರಿಯಣ್ಣನ ಕೈ ಮುಂದಿನ ಪಟ್ಟಿಯನ್ನು ಯಂತ್ರದಲ್ಲಿ ಸರಿಯಾಗಿ ಕೂರಿಸುತ್ತಿರುತ್ತದೆ. ತಲೆ ಎತ್ತುವುದಿಲ್ಲ. "ಕೈಲಿ ಹಿಡ್ಕೊಂಡು ಏರು ಹತ್ತಿ ಇಳಿದು ಬಂದಿದ್ದಾರೆ, ಕೋಲು ಇತ್ತು ಅನ್ನೋದೇ ಅವರಿಗೆ ಮರೆತುಹೋಗಿತ್ತು," ಎನ್ನುತ್ತಾರೆ. "ನಮ್ಮ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ."